ಸ್ವವಿವರ ಪತ್ರದಲ್ಲಿ ಕಥನದ ಸ್ಥಾನ

ಚಿಕ್ಕಮಗಳೂರು ಜಿಲ್ಲೆಯ ಅಂತರಘಟ್ಟೆಯ ಸುತ್ತಿನ ಹಳ್ಳಿಗಳಿಂದ ಪದವಿಯನ್ನೋ ಡಿಪ್ಲೊಮಾವನ್ನೋ ಐ.ಟಿ.ಐ. ಶಿಕ್ಷಣವನ್ನೋ ಮುಗಿಸಿ ಉದ್ಯೋಗಾರ್ಥಿಗಳಾಗಿ ಹೊರಡುವ ತರುಣ ತರುಣಿಯರು ಬೆಂಗಳೂರಿಗೂ ಶಿವಮೊಗ್ಗಕ್ಕೂ ಕಳುಹಿಸುವ ಸ್ವವಿವರ ಪತ್ರಗಳನ್ನು, ಊರಿನವರು ಬಯೋಡೇಟಾ ಎಂದೂ ಕಂಪೆನಿಯವರು ರೆಸ್ಯೂಮ್ ಎಂದೂ ಕರೆಯುವ ಆ ಒಂದೆರಡು ಹಾಳೆಗಳನ್ನು, ಒಟ್ಟಿಗೆ ಇಟ್ಟುಕೊಂಡು ಓದಿದರೆ, ಅವನ್ನು ಬರೆದವರು ಬೇರೆ ಬೇರೆಯವರೆಂಬುದು ಹೆಸರು, ಅಂಕಗಳ ಹೊರತು ಮತ್ತಾವುದರಿಂದಲೂ ತಿಳಿಯಲಾರದು. ಎಲ್ಲರೂ ಪರಿಶ್ರಮಿಗಳು, ಎಲ್ಲರೂ ಪ್ರಾಮಾಣಿಕರು, ಎಲ್ಲರೂ ತಂಡದಲ್ಲಿ ಹೊಂದಿಕೊಂಡು ದುಡಿಯಬಲ್ಲವರು, ಎಲ್ಲರ ಧ್ಯೇಯವೂ ಸಂಸ್ಥೆಯ ಏಳಿಗೆಯೊಡನೆ ತಮ್ಮ ಏಳಿಗೆಯನ್ನು ಸಾಧಿಸುವುದು, ಎಲ್ಲರ ಹಾಳೆಯ ಕೊನೆಯಲ್ಲೂ ಮೇಲ್ಕಂಡ ವಿವರಗಳು ತಮಗೆ ತಿಳಿದಮಟ್ಟಿಗೆ ಸತ್ಯವೆಂಬ ಪ್ರಮಾಣವಚನ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಹಿಂದೆ ಯಾರೋ ಸಿದ್ಧಪಡಿಸಿಟ್ಟ ಮಾದರಿಯಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನಾಂಕಗಳನ್ನು ಬದಲಿಸಿ ಮುದ್ರಿಸಿಕೊಂಡು ಬಂದ ಹಾಳೆಗೆ ಇದಕ್ಕಿಂತ ಬೇರೆಯ ಗುಣ ಬರುವುದಾದರೂ ಹೇಗೆ?

ಆದರೆ ಇದೇ ತರುಣರನ್ನು ಹತ್ತಿರ ಕೂರಿಸಿಕೊಂಡು, ಕಾಲೇಜಿನ ದಿನಗಳಲ್ಲಿ ಓದಿನ ಜತೆಗೆ ಇನ್ನೇನು ಮಾಡುತ್ತಿದ್ದೆಯಪ್ಪ ಎಂದು ಕೇಳಿದರೆ ಹೊರಡುವ ಮಾತೇ ಬೇರೆ. ಒಬ್ಬಳು ಊರ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಲೆಕ್ಕ ಬರೆದಿರುತ್ತಾಳೆ. ಒಬ್ಬನು ಅಜ್ಜಂಪುರದ ವರ್ಕ್‌ಶಾಪಿನಲ್ಲಿ ಕೊಳವೆಬಾವಿಯ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡಿರುತ್ತಾನೆ. ಮತ್ತೊಬ್ಬನು ಅಪ್ಪ ಬೆಳೆದ ಈರುಳ್ಳಿಯನ್ನು ಲಾರಿಗೆ ತುಂಬಿಸಿಕೊಂಡು ಯಶವಂತಪುರದ ಮಂಡಿಗೆ ತಾನೇ ಹೋಗಿ, ಹರಾಜಿನ ದರವನ್ನು ನೋಡಿ, ಹಮಾಲಿ, ಬಾಡಿಗೆ ಎಲ್ಲ ಕಳೆದು ಉಳಿದ ಹಣದ ಪಟ್ಟಿಯನ್ನು ಮನೆಗೆ ತಂದು ಒಪ್ಪಿಸಿರುತ್ತಾನೆ. ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ಪಾನಕದ ಗಾಡಿಗಳನ್ನು ಕಟ್ಟಿಕೊಂಡು ಬರುವ ಊರುಗಳಲ್ಲಂತೂ ಚಂದಾ ಎತ್ತಿ ರಸೀತಿ ಕೊಡುವುದು, ಎತ್ತುಗಳನ್ನು ವಾರಗಟ್ಟಲೆ ಮೊದಲೇ ಪಳಗಿಸುವುದು, ಕಿಕ್ಕಿರಿದ ಜನರ ನಡುವೆ ಗಾಡಿಗೆ ಅಪಾಯವಿಲ್ಲದಂತೆ ದಾರಿ ಬಿಡಿಸುವುದು, ಜಾತ್ರೆ ಮುಗಿದ ಮೇಲೆ ಹತ್ತು ಜನರ ಎದುರಿಗೆ ಜಮಾಖರ್ಚು ಓದುವುದು, ಇವೆಲ್ಲವೂ ಹರೆಯದವರ ಹೆಗಲ ಮೇಲೆಯೇ ಬೀಳತಕ್ಕ ಜವಾಬ್ದಾರಿಗಳು. ಇವುಗಳಲ್ಲಿ ಒಂದೂ ಅವರ ಸ್ವವಿವರ ಪತ್ರದಲ್ಲಿ ಕಾಣಿಸದು. ಏಕೆಂದು ಕೇಳಿದರೆ, ಅದೆಲ್ಲಾ ಒಂದು ಕೆಲಸವೇ ಸಾರ್ ಎಂದು ಸಂಕೋಚದಿಂದ ನಗುತ್ತಾರೆ.

ಅದು ಕೆಲಸವೇ ಹೌದು. ಮತ್ತು ಅದನ್ನು ಹೇಳತಕ್ಕ ಕ್ರಮವೊಂದಿದೆ. ಬಾಯಿಮಾತಿನಲ್ಲಿ ಅಷ್ಟು ಸ್ವಚ್ಛವಾಗಿ ಹೊಮ್ಮುವ ಆ ವೃತ್ತಾಂತವನ್ನು ಎರಡು ಮೂರು ಸಾಲುಗಳಿಗೆ ಹಿಡಿದು ಹಾಳೆಯ ಮೇಲೆ ಇಡುವುದೇ ಸ್ವವಿವರ ಪತ್ರದ ಕಥನಕಲೆ. ಉದ್ಯೋಗ ಕೊಡುವವನಿಗೆ ಬೇಕಾಗಿರುವುದು ಅರ್ಜಿದಾರನು ತನಗೆ ತಾನೇ ಕೊಟ್ಟುಕೊಂಡ ವಿಶೇಷಣಗಳಾಗಿರದೆ, ಆ ವಿಶೇಷಣವು ತನ್ನ ಮನಸ್ಸಿನಲ್ಲಿ ತಾನಾಗಿಯೇ ಮೂಡುವಂತೆ ಮಾಡಬಲ್ಲ ಒಂದು ನಡೆದ ಸಂಗತಿ. ಪ್ರಾಮಾಣಿಕನೆಂದು ಬರೆದುಕೊಂಡವನನ್ನು ನಂಬಲು ಓದುಗನಿಗೆ ಆಧಾರವಿಲ್ಲ. ಜಾತ್ರೆಯ ಚಂದಾ ಹಣದ ಲೆಕ್ಕವನ್ನು ರಸೀತಿಗಳ ಸಹಿತ ಊರವರ ಮುಂದೆ ಒಪ್ಪಿಸಿದೆನೆಂದು ಬರೆದವನ ವಿಷಯದಲ್ಲಿ ಆ ಶಬ್ದವನ್ನು ಓದುಗನೇ ಉಚ್ಚರಿಸುತ್ತಾನೆ.

ಈ ಕ್ರಮವನ್ನು ಕಲಿಯಲು ನಮ್ಮ ಸೀಮೆಯವರು ಬಹುದೂರ ಹೋಗಬೇಕಾಗಿಲ್ಲ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಮಲ್ಲಿತಮ್ಮನೆಂಬ ರೂವಾರಿಯ ವೃತ್ತಿಜೀವನದ ಆರಂಭವನ್ನು ವಿದ್ವಾಂಸರು ಈ ದೇವಾಲಯದಲ್ಲಿಯೇ ಗುರುತಿಸುತ್ತಾರೆ. ಅಲ್ಲಿಂದ ಅರವತ್ತು ವರ್ಷಗಳಾಚೆಗೆ, 1258ರಲ್ಲಿ ಪ್ರತಿಷ್ಠೆಗೊಂಡ ಸೋಮನಾಥಪುರದ ಕೇಶವ ದೇವಾಲಯದ ವಿಗ್ರಹಗಳ ಕೆಳಗೂ ಆ ಹೆಸರು ಕೊರೆದಿರುವುದನ್ನು ಕಾಣುತ್ತೇವೆ. ಹೆಸರನ್ನು ಆತನು ಪ್ರತ್ಯೇಕವಾದ ಹೊಗಳಿಕೆಯ ಕಲ್ಲಿನಲ್ಲಿ ಬರೆಸಿಕೊಳ್ಳಲಿಲ್ಲ. ತಾನು ಕಡೆದ ವಿಗ್ರಹದ ಅಡಿಯಲ್ಲಿ, ಕೃತಿಗೆ ತಗುಲಿದಂತೆ ಕೊರೆದನು. ಹೆಸರು ಮತ್ತು ಕೆಲಸ ಒಂದರ ಪಕ್ಕದಲ್ಲಿ ಒಂದು ನಿಂತಾಗ ನೋಡುವವನಿಗೆ ಮತ್ತೊಂದು ಸಾಕ್ಷಿ ಬೇಕಾಗುವುದಿಲ್ಲ.

ಇನ್ನೂ ಹಳೆಯದಾದ ಒಂದು ನಿದರ್ಶನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದು ನನಗೆ ಆಸೆ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949ರ ಸುಮಾರಿನ ವೀರಗಲ್ಲು ಗಂಗರ ಇಮ್ಮಡಿ ಬೂತುಗನ ಸೇವಕನಾದ ಮಣಲೆರನನ್ನು ಕುರಿತದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತು ಚೋಳರೊಡನೆ ಹೋರಾಡಿದ ಮಣಲೆರನಿಗೆ, ಮೆಚ್ಚಿದೆನು, ಬೇಡಿಕೋ ಎಂಬ ಮಾತು ಒಡೆಯನಿಂದ ದೊರೆತಾಗ, ಆತನು ಬೇಡಿದ್ದು ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಯನ್ನು. ಆ ನಾಯಿಯನ್ನು ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಸತ್ತುವು; ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಸಾವಿರ ವರ್ಷಕ್ಕೂ ಮಿಕ್ಕ ಕಾಲ ಸಂದ ಮೇಲೆಯೂ ಮಣಲೆರನು ನಮ್ಮ ಕಣ್ಣಿಗೆ ಸ್ಪಷ್ಟವಾದ ಒಬ್ಬ ಮನುಷ್ಯನಾಗಿ ಕಾಣುವುದಕ್ಕೆ ಕಾರಣ ಅವನಿಗೆ ಸಂದ ಬಿರುದುಗಳೇ? ಅವು ಶಾಸನದಲ್ಲಿ ಇಲ್ಲದಿಲ್ಲ; ಓದಿದವರಿಗೆ ಮರೆತುಹೋಗುತ್ತವೆ. ಎಲ್ಲಿ, ಯಾರ ಪರವಾಗಿ, ಏನು ಮಾಡಿದನು, ಅದರಿಂದ ಏನಾಯಿತು, ಆಗ ಏನನ್ನು ಕೇಳಿಕೊಂಡನು ಎಂಬ ನಾಲ್ಕೈದು ಸಂಗತಿಗಳು ಮಾತ್ರ ನಿಲ್ಲುತ್ತವೆ.

ಸ್ವವಿವರ ಪತ್ರದಲ್ಲಿ ನಿಮ್ಮ ಪ್ರತಿಯೊಂದು ಕೆಲಸದ ಕೆಳಗೂ ಬರೆಯಬೇಕಾದದ್ದು ಇಷ್ಟನ್ನೇ. ಸನ್ನಿವೇಶವೇನಿತ್ತು, ಅದರಲ್ಲಿ ತೊಡಕು ಏನಿತ್ತು, ನೀವು ಸ್ವತಃ ಏನು ಮಾಡಿದಿರಿ, ಕೊನೆಗೆ ಏನು ಬದಲಾಯಿತು. ಈ ನಾಲ್ಕರಲ್ಲಿ ಸನ್ನಿವೇಶಕ್ಕೆ ಅರ್ಧ ಸಾಲು ಸಾಕು. ತೊಡಕನ್ನು ಹೇಳಲು ಕೆಲವೇ ಶಬ್ದಗಳು ಸಾಕು. ಉಳಿದ ಸ್ಥಳವನ್ನೆಲ್ಲ ಕ್ರಿಯೆಗೂ ಪರಿಣಾಮಕ್ಕೂ ಬಿಡಬೇಕು. ತೊಡಕನ್ನೇ ಬಿಟ್ಟುಬಿಡುವುದು ನಮ್ಮವರಲ್ಲಿ ಕಾಣುವ ಸಾಮಾನ್ಯ ದೋಷ. ತೊಡಕಿಲ್ಲದ ಕಡೆ ಕಥೆಯಿಲ್ಲ. ಏನೂ ಕಷ್ಟವಿಲ್ಲದೆ ನಡೆದ ಕೆಲಸದಲ್ಲಿ ನಿಮ್ಮ ಸಾಮರ್ಥ್ಯ ಎಷ್ಟೆಂಬುದನ್ನು ಓದುಗನು ಅಳೆಯುವುದು ಯಾವುದರಿಂದ?

ಡೇರಿಯ ಹುಡುಗಿಯ ಪ್ರಕರಣವನ್ನೇ ತೆಗೆದುಕೊಳ್ಳೋಣ. ಆಕೆ ಬಿ.ಕಾಂ. ಮುಗಿಸಿ, ಬೀರೂರಿನಲ್ಲಿ ಒಂದು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕುತ್ತಿರುವಳೆಂದು ಭಾವಿಸಿರಿ. ಆಕೆಯ ಹಳೆಯ ಪತ್ರದಲ್ಲಿ ಇರುವುದು ಒಂದೇ ಸಾಲು: 'ಹಾಲಿನ ಡೇರಿಯಲ್ಲಿ ಎರಡು ವರ್ಷ ಸಹಾಯಕಿಯಾಗಿ ಕೆಲಸ ಮಾಡಿರುತ್ತೇನೆ.' ಇದರಿಂದ ಓದುವವನಿಗೆ ಆಕೆ ಕ್ಯಾನು ತೊಳೆದಳೋ ಲೆಕ್ಕ ಬರೆದಳೋ ತಿಳಿಯದು. ಆಕೆಯನ್ನು ಕೂರಿಸಿ ಕೇಳುತ್ತ ಹೋದರೆ ಒಂದೊಂದಾಗಿ ವಿಷಯ ಹೊರಬೀಳುತ್ತದೆ. ಎರಡೂ ಹೊತ್ತು ಹಾಲಿನ ಅಳತೆ ಮಾಡಿ ಫ್ಯಾಟ್ ಪರೀಕ್ಷೆ ನಡೆಸಿ ದರ ಕಟ್ಟುತ್ತಿದ್ದವಳು ಆಕೆ. ಬಟವಾಡೆಯ ದಿನ ಸದಸ್ಯರ ಪಾಸ್ ಪುಸ್ತಕಕ್ಕೂ ಸಂಘದ ರಿಜಿಸ್ಟರಿಗೂ ತಾಳೆಯಾಗದೆ ಜಗಳ ಬರುತ್ತಿತ್ತು. ಅದಕ್ಕೆ ಕಾರಣ ಎರಡು ಮೂರು ದಿನದ ಲೆಕ್ಕವನ್ನು ಒಟ್ಟಿಗೆ ಕೂತು ಬರೆಯುವ ರೂಢಿಯೆಂದು ಆಕೆಗೆ ಹೊಳೆಯಿತು. ಕಾರ್ಯದರ್ಶಿಯವರನ್ನು ಕೇಳಿ, ಆಯಾ ಹೊತ್ತಿನ ಲೆಕ್ಕವನ್ನು ಆಗಲೇ ಎಕ್ಸೆಲ್‌ನಲ್ಲಿ ಏರಿಸಿ, ಬಟವಾಡೆಯ ಹಿಂದಿನ ಸಂಜೆಯೇ ಎರಡನ್ನೂ ತಾಳೆ ನೋಡುವ ಪದ್ಧತಿಯನ್ನು ಹಾಕಿದಳು. ಈಗ ಪತ್ರದಲ್ಲಿ ಹೀಗೆ ಬರೆಯಬಹುದು:

'ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಎರಡು ವರ್ಷ, ದಿನಕ್ಕೆ ಎರಡು ಹೊತ್ತು, 90 ಸದಸ್ಯರ ಹಾಲಿನ ಅಳತೆ, ಫ್ಯಾಟ್ ಪರೀಕ್ಷೆ ಮತ್ತು ದರದ ಲೆಕ್ಕ. ಪಾಸ್ ಪುಸ್ತಕಕ್ಕೂ ರಿಜಿಸ್ಟರಿಗೂ ವ್ಯತ್ಯಾಸ ಬರುತ್ತಿದ್ದುದರಿಂದ, ಪ್ರತಿ ಹೊತ್ತಿನ ಲೆಕ್ಕವನ್ನು ಕೂಡಲೇ ಎಕ್ಸೆಲ್‌ಗೆ ಏರಿಸಿ ಬಟವಾಡೆಗೆ ಮುನ್ನಾದಿನ ತಾಳೆ ನೋಡುವ ಕ್ರಮವನ್ನು ಆರಂಭಿಸಿದೆ. ಬಟವಾಡೆಯ ದಿನದ ತಕರಾರುಗಳು ನಿಂತುವು.'

ಸಂಖ್ಯೆ ಇಲ್ಲಿ ಉದಾಹರಣೆಗಾಗಿ ಇಟ್ಟದ್ದು. ನಿಮ್ಮ ಪತ್ರದಲ್ಲಿ ನಿಮ್ಮ ಸಂಘದ ನಿಜವಾದ ಸಂಖ್ಯೆಯೇ ಇರತಕ್ಕದ್ದು. ಈ ಮೂರು ಸಾಲುಗಳಲ್ಲಿ ಪರಿಶ್ರಮವೆಂಬ ಶಬ್ದವಾಗಲಿ ಹೊಣೆಗಾರಿಕೆಯೆಂಬ ಶಬ್ದವಾಗಲಿ ಬಂದಿಲ್ಲ. ಆದರೆ ಲೆಕ್ಕದ ತಪ್ಪಿಗೆ ಮೂಲವನ್ನು ಹುಡುಕಿ ಸರಿಪಡಿಸುವ ಬುದ್ಧಿಯೊಂದು ಇಲ್ಲಿದೆಯೆಂದು ಸಂಸ್ಥೆಯ ಯಜಮಾನನಿಗೆ ತಿಳಿಯದೆ ಇರದು, ಮತ್ತು ಆತನು ಹುಡುಕುತ್ತಿರುವುದೂ ಅಂಥ ಬುದ್ಧಿಯನ್ನೇ.

ವೈಂಡಿಂಗ್ ಮಾಡುವ ತರುಣನಿಗೂ ಇದೇ ಮಾರ್ಗ. 'ಮೋಟಾರ್ ರಿಪೇರಿ ಬಲ್ಲೆ' ಎಂಬುದು ಅರ್ಹತೆಯ ಪಟ್ಟಿಗೆ ಸೇರಿತು. ಅದರ ಕೆಳಗೆ, ಒಂದು ತೋಟದ ಮೋಟಾರು ಮತ್ತೆ ಮತ್ತೆ ಸುಟ್ಟು ಬರುತ್ತಿದ್ದಾಗ ಮತ್ತೊಮ್ಮೆ ವೈಂಡಿಂಗ್ ಮಾಡಿ ಕಳುಹಿಸದೆ, ತೋಟಕ್ಕೇ ಹೋಗಿ ನೋಡಿ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಆಂಪಿಯರಿಗೆ ಹೊಂದಿಸದೆ ಮೇಲಕ್ಕೆ ತಿರುಗಿಸಿಟ್ಟಿದ್ದೇ ಕಾರಣವೆಂದು ಕಂಡು ಸರಿಪಡಿಸಿದ ಸಂಗತಿಯನ್ನು ಎರಡು ಸಾಲಿನಲ್ಲಿ ಬರೆದರೆ, ಕಾರ್ಖಾನೆಯ ನಿರ್ವಹಣಾ ವಿಭಾಗದವರು ಆ ಎರಡು ಸಾಲನ್ನು ಎರಡು ಬಾರಿ ಓದುವರು. ದುರಸ್ತಿ ಮಾಡುವವರು ಅನೇಕರಿದ್ದಾರೆ. ಕೆಟ್ಟದ್ದೇಕೆಂದು ಕೇಳುವವರು ವಿರಳ.

ಜಾತ್ರೆಯ ಕೆಲಸವನ್ನು ಬರೆಯಬಹುದೇ ಎಂದು ಕೆಲವರು ಅನುಮಾನಿಸುವರು. ಹುದ್ದೆಗೆ ಸಂಬಂಧವಿದ್ದರೆ ಧಾರಾಳವಾಗಿ ಬರೆಯಬಹುದು ಎಂಬುದು ನನ್ನ ಅಭಿಪ್ರಾಯ. ಗೋದಾಮು, ಸಾಗಣೆ, ಮಾರಾಟ, ಆತಿಥ್ಯ ಮುಂತಾದ ಕ್ಷೇತ್ರಗಳಲ್ಲಿ ಜನರನ್ನೂ ವಾಹನವನ್ನೂ ಸಮಯವನ್ನೂ ಹೊಂದಿಸಿದ ಅನುಭವಕ್ಕೆ ಬೆಲೆಯಿದೆ. ಅದು ಸಂಬಳದ ಅನುಭವವೇ ಆಗಿರಬೇಕೆಂಬ ನಿಯಮವಿಲ್ಲ. 'ಜಾತ್ರಾ ಸಮಿತಿಯ ಸ್ವಯಂಸೇವಕ' ಎಂದಷ್ಟೇ ಬರೆದು ಬಿಡದೆ, ಎಷ್ಟು ಗಾಡಿಗಳ, ಎಷ್ಟು ಜನರ ಹೊಣೆ ನಿಮ್ಮದಾಗಿತ್ತು, ಜನರಿಗೆ ಪೆಟ್ಟಾಗದಂತೆ ಯಾವ ಏರ್ಪಾಟನ್ನು ನೀವು ಮಾಡಿದಿರಿ ಎಂಬುದನ್ನು ಹೇಳಿರಿ. ಮನ್ರೇಗಾ ಕೆಲಸದಲ್ಲಿ ಕಾಯಕ ಬಂಧುವಾಗಿ ಹಾಜರಾತಿ ನೋಡಿಕೊಂಡ ಮಹಿಳೆಯರು, ಸ್ವಸಹಾಯ ಸಂಘದ ಸಾಲದ ಪುಸ್ತಕ ಬರೆದವರು, ಎನ್.ಎಸ್.ಎಸ್. ಶಿಬಿರದಲ್ಲಿ ಅಡಿಗೆಯ ಸಾಮಾನಿನ ಲೆಕ್ಕ ಹಿಡಿದವರು, ಇವರೆಲ್ಲರೂ 'ಅನುಭವ: ಇಲ್ಲ' ಎಂದು ಬರೆಯುವುದನ್ನು ಕಂಡಾಗ ನನಗೆ ನಿಜವಾಗಿ ವ್ಯಥೆಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಸತ್ಯದ ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಕಥನವೆಂದೊಡನೆ ಬಣ್ಣ ಕಟ್ಟುವ ಪ್ರಲೋಭನೆ ಸಹಜ. ಹತ್ತು ಜನರು ಕೂಡಿ ಮಾಡಿದ್ದನ್ನು ನಾನು ಮಾಡಿದೆನೆಂದು ಬರೆಯುವುದು, ಊಹೆಯ ಶೇಕಡಾವಾರು ಸಂಖ್ಯೆಯನ್ನು ಸೇರಿಸುವುದು, ನೋಡಿದ ಯಂತ್ರವನ್ನು ನಡೆಸಿದೆನೆನ್ನುವುದು, ಇವು ಸಂದರ್ಶನದ ಎರಡನೆಯ ಪ್ರಶ್ನೆಗೇ ಬಯಲಾಗುವವು. ಏಕೆಂದರೆ ಅನುಭವಸ್ಥನಾದ ಸಂದರ್ಶಕನು ಏನು ಮಾಡಿದಿರಿ ಎಂದು ಕೇಳಿ ಸುಮ್ಮನಾಗುವವನಲ್ಲ, ಹೇಗೆ ಮಾಡಿದಿರಿ, ಮೊದಲು ಯಾವುದನ್ನು ಪ್ರಯತ್ನಿಸಿ ಬಿಟ್ಟಿರಿ, ಯಾರು ಒಪ್ಪಲಿಲ್ಲ ಎಂದು ಕೇಳುತ್ತ ಹೋಗುತ್ತಾನೆ. ನಿಜವಾಗಿ ಮಾಡಿದವನಿಗೆ ಈ ಪ್ರಶ್ನೆಗಳು ಸಂತೋಷವನ್ನು ಕೊಡುತ್ತವೆ. ತಂಡದ ಕೆಲಸವಾಗಿದ್ದರೆ ತಂಡದ್ದೆಂದೇ ಬರೆದು ಅದರಲ್ಲಿ ನಿಮ್ಮ ಪಾಲು ಯಾವುದೆಂದು ಹೇಳಿರಿ. ಸಂಖ್ಯೆ ತಿಳಿಯದಿದ್ದರೆ ಸಂಖ್ಯೆಯನ್ನು ಬಿಟ್ಟು, ಮೊದಲು ಹೇಗಿತ್ತು, ನಂತರ ಹೇಗಾಯಿತು ಎಂಬುದನ್ನು ಮಾತಿನಲ್ಲಿ ತಿಳಿಸಿದರೂ ಸಾಕು.

ಓದಿನಲ್ಲೋ ಉದ್ಯೋಗದಲ್ಲೋ ಒಂದೆರಡು ವರ್ಷ ಬಿಟ್ಟುಹೋಗಿದ್ದವರು ಆ ಅಂತರವನ್ನು ಮುಚ್ಚಲು ತಾರೀಖುಗಳನ್ನು ಹಿಂದು ಮುಂದು ಮಾಡುವುದುಂಟು. ಅದು ಬೇಡ. ತಾಯಿಯ ಕಾಯಿಲೆಯಲ್ಲಿ ಮನೆಯನ್ನೂ ತೋಟವನ್ನೂ ನೋಡಿಕೊಂಡೆ, ಎಫ್.ಡಿ.ಎ., ಪಿ.ಡಿ.ಒ. ಪರೀಕ್ಷೆಗಳಿಗೆ ಓದಿದೆ, ಆಯ್ಕೆಯಾಗಲಿಲ್ಲ, ಆ ಅವಧಿಯಲ್ಲಿ ಪಕ್ಕದ ಮಕ್ಕಳಿಗೆ ಗಣಿತದ ಪಾಠ ಹೇಳಿದೆ; ಹೀಗೆ ಒಂದು ಸಾಲಿನಲ್ಲಿ ನೇರವಾಗಿ ಹೇಳಿ ಮುಂದಕ್ಕೆ ಹೋಗಿಬಿಟ್ಟರೆ ಓದುವವನೂ ಮುಂದಕ್ಕೆ ಹೋಗುತ್ತಾನೆ. ಹೇಳದೆ ಬಿಟ್ಟ ವರ್ಷದ ಬಗ್ಗೆಯೇ ಸಂದೇಹ ಹುಟ್ಟುವುದು.

ಯಾವ ಸಂಗತಿಯನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಈ ಕಲೆಯಲ್ಲಿ ಕಠಿಣವಾದ ಭಾಗ. ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತಿದ್ದ ಸೀತಾರಾಮ್ ಅವರು, 'ಆನಂದ' ಎಂಬ ಕಾವ್ಯನಾಮದಿಂದ ಕನ್ನಡದ ಸಣ್ಣಕಥೆಯನ್ನು ಬೆಳೆಸಿದವರಲ್ಲಿ ಒಬ್ಬರು. ಅವರ 'ನಾನು ಕೊಂದ ಹುಡುಗಿ' ಕಥೆಯನ್ನು ಓದಿದವರು, ಒಂದು ಘಟನೆಯನ್ನು ಹಿಡಿದು ಉಳಿದುದನ್ನು ಬಿಡುವ ಸಂಯಮ ಎಂಥದೆಂಬುದನ್ನು ಬಲ್ಲರು. ಹೊರದೇಶದ ಒಂದು ನಿದರ್ಶನವೂ ಇಲ್ಲಿ ಉಪಯುಕ್ತ. ಸುಮಾರು 1482ರಲ್ಲಿ ಲಿಯನಾರ್ಡೊ ಡ ವಿಂಚಿಯು ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಉದ್ಯೋಗವನ್ನು ಕೋರಿ ಬರೆದ ಪತ್ರದಲ್ಲಿ, ಹಗುರವೂ ಗಟ್ಟಿಯೂ ಆದ ಸೇತುವೆಗಳನ್ನು ಕಟ್ಟಬಲ್ಲೆ, ಕೋಟೆಗೆ ಮುತ್ತಿಗೆ ಹಾಕುವ ಸಾಧನಗಳನ್ನು ಮಾಡಬಲ್ಲೆ ಎಂದು ಒಂದೊಂದಾಗಿ ಹೇಳಿ, ಜಗತ್ತು ಇಂದು ಯಾವುದಕ್ಕಾಗಿ ಅವನನ್ನು ಪೂಜಿಸುತ್ತದೆಯೋ ಆ ಚಿತ್ರಕಲೆಯ ಮಾತನ್ನು ಕೊನೆಗೆ ಇಟ್ಟನು. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಬೇಕಾದದ್ದು ಮೊದಲು ಬಂದಿತು. ನೀವೂ ಉದ್ಯೋಗದ ಜಾಹೀರಾತನ್ನು ನಿಧಾನವಾಗಿ ಎರಡು ಸಲ ಓದಿ, ಅವರು ಕೇಳಿರುವ ಮುಖ್ಯ ಗುಣಗಳನ್ನು ಗುರುತು ಹಾಕಿಕೊಂಡು, ಅವಕ್ಕೆ ಉತ್ತರವಾಗಬಲ್ಲ ಸಂಗತಿಗಳನ್ನು ಮೇಲಕ್ಕೆ ತನ್ನಿರಿ. ಒಂದೇ ಪತ್ರವನ್ನು ಎಲ್ಲ ಕಡೆಗೂ ಕಳುಹಿಸುವ ಪದ್ಧತಿಯಿಂದ ಪ್ರಯೋಜನ ಅಲ್ಪ.

ಬರವಣಿಗೆಯ ಭಾಷೆ ಬಹುಮಟ್ಟಿಗೆ ಇಂಗ್ಲಿಷೇ ಆಗಿರುವುದು ನಮ್ಮ ಹುಡುಗರ ಪಾಲಿಗೆ ಇನ್ನೊಂದು ತಡೆ. ಇಂಗ್ಲಿಷಿನಲ್ಲಿ ನೇರವಾಗಿ ಆರಂಭಿಸಿದವರು ಕೈಗೆ ಸಿಕ್ಕ ಸಿದ್ಧವಾಕ್ಯಗಳ ಆಸರೆಯನ್ನು ಹಿಡಿಯುತ್ತಾರೆ. ಆಗ ನಿಜವಾದ ಸಂಗತಿ ಹೊರಗೇ ಉಳಿಯುತ್ತದೆ. ಆದುದರಿಂದ ಮೊದಲು ಕನ್ನಡದಲ್ಲಿ, ಅದೂ ಬಾಯಿಮಾತಿನಲ್ಲಿ, ಅಕ್ಕನಿಗೋ ಸ್ನೇಹಿತನಿಗೋ ನಡೆದದ್ದನ್ನು ನಡೆದಂತೆ ಹೇಳಿ, ಆ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಅದನ್ನು ಕೇಳಿ, ಮುಖ್ಯವಾದ ಕ್ರಿಯಾಪದಗಳನ್ನು ಬರೆದುಕೊಂಡು, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ತಿರುಗಿಸಿರಿ. ಅಳೆದೆ, ತಾಳೆ ನೋಡಿದೆ, ಸರಿಪಡಿಸಿದೆ, ಒಪ್ಪಿಸಿದೆ ಎಂಬಂಥ ಕ್ರಿಯಾಪದಗಳಿಂದ ವಾಕ್ಯ ಗಟ್ಟಿಯಾಗುತ್ತದೆ. ವ್ಯಾಕರಣವನ್ನು ಬಲ್ಲವರೊಬ್ಬರಿಂದ ತಿದ್ದಿಸಿಕೊಳ್ಳಿರಿ. ಸಂಗತಿಯನ್ನು ಮಾತ್ರ ಯಾರಿಗೂ ಬದಲಿಸಲು ಬಿಡಬೇಡಿರಿ.

ಹೊರರೂಪದ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಹೊಸಬರಿಗೆ ಒಂದು ಪುಟ ಸಾಕು, ಅನುಭವಸ್ಥರಿಗೆ ಎರಡು. ಈಚಿನ ಕೆಲಸ ಮೊದಲು, ಹಳೆಯದು ನಂತರ. ಖಾಸಗಿ ಸಂಸ್ಥೆಗಳಿಗೆ ಜಾತಿ, ಧರ್ಮ, ತಂದೆಯ ಉದ್ಯೋಗ, ವಿವಾಹದ ವಿವರ ಇವು ಬೇಕಾಗಿಲ್ಲ. ಕೇಳದಿದ್ದರೆ ಭಾವಚಿತ್ರವೂ ಬೇಡ, ಕೊನೆಯ ಪ್ರಮಾಣವಚನವೂ ಬೇಡ. ದೊಡ್ಡ ಕಂಪೆನಿಗಳಲ್ಲಿ ಪತ್ರವನ್ನು ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಸೋಸುವುದುಂಟಾದುದರಿಂದ, ಜಾಹೀರಾತಿನಲ್ಲಿ ಬಂದಿರುವ ಕೌಶಲಗಳ ಹೆಸರುಗಳನ್ನು, ಅವು ನಿಮಗೆ ನಿಜವಾಗಿ ಬರುವುದಾದರೆ, ಅದೇ ಶಬ್ದಗಳಲ್ಲಿ ಬರೆಯಿರಿ. ಕೋಷ್ಟಕ, ಚಿತ್ರ, ಎರಡು ಅಂಕಣಗಳ ವಿನ್ಯಾಸ ಇವನ್ನು ಬಿಡಿರಿ. ಪಿ.ಡಿ.ಎಫ್. ಮಾಡಿ ಕಡತಕ್ಕೆ ನಿಮ್ಮ ಹೆಸರನ್ನೇ ಇಡಿರಿ. ಸರ್ಕಾರಿ ಹುದ್ದೆಗಳ ಅರ್ಜಿಗೆ ನಿಗದಿಯಾದ ನಮೂನೆಯಿರುವುದರಿಂದ ಅಲ್ಲಿ ಕಥನಕ್ಕೆ ಸ್ಥಳವಿಲ್ಲ. ಅಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ. ಪತ್ರದಲ್ಲಿ ಮೂರು ಸಾಲಾಗಿರುವ ಸಂಗತಿಯನ್ನು ಜತೆಯ ಮನವಿ ಪತ್ರದಲ್ಲಿ ಒಂದು ಪ್ಯಾರಾ ಮಾಡಬಹುದು, ಸಂದರ್ಶನದಲ್ಲಿ ಎರಡು ನಿಮಿಷ ಮಾತನಾಡಬಹುದು. ಮೂರು ಕಡೆಯೂ ಸಂಗತಿ ಒಂದೇ ಆಗಿರಬೇಕು.

ರಾಜ್ಯ ಸರ್ಕಾರದ ಯುವನಿಧಿ ಯೋಜನೆ 2024ರ ಜನವರಿ 12ರಂದು ನಮ್ಮ ನೆರೆಯ ಶಿವಮೊಗ್ಗದಲ್ಲಿಯೇ ಚಾಲನೆಗೊಂಡಿತು. ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷಗಳವರೆಗೆ. ಆ ಎರಡು ವರ್ಷದೊಳಗೆ ಕೆಲಸವನ್ನು ಹುಡುಕಿಕೊಳ್ಳಬೇಕಾದ ತರುಣರಿಗೆ ಹಣದಷ್ಟೇ ಅಗತ್ಯವಾದದ್ದು, ತಮ್ಮ ಕೆಲಸವನ್ನು ತಾವೇ ಗುರುತಿಸಿ ಹೇಳಲು ಕಲಿಸುವವರೊಬ್ಬರ ನೆರವು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮಾದರಿ ಪತ್ರವೊಂದನ್ನು ಹಂಚುವುದಕ್ಕೆ ಮೊದಲು ಒಂದು ತರಗತಿಯನ್ನು ಬಿಡುವು ಮಾಡಿಕೊಂಡು, ಒಬ್ಬೊಬ್ಬರನ್ನೂ ಎಬ್ಬಿಸಿ, ಕಳೆದ ಮೂರು ವರ್ಷಗಳಲ್ಲಿ ಕಾಲೇಜಿನ ಹೊರಗೆ ನೀನು ಹೊತ್ತ ಒಂದು ಜವಾಬ್ದಾರಿಯನ್ನು ಕುರಿತು ಮೂರು ನಿಮಿಷ ಮಾತನಾಡು ಎಂದು ಹೇಳಿರಿ, ಅವರು ಹೇಳಿದ್ದನ್ನು ಅವರ ಕೈಯಲ್ಲಿಯೇ ಅಂದೇ ಬರೆಯಿಸಿರಿ.